ಬಾಂಬ್‌ಗೆ ಇನ್ನೆರಡೇ ವಾರ: ಇಂಥ ಸುದ್ದಿಯನ್ನು ಓದುವುದು ಹೇಗೆ?

2025ರ ಜೂನ್‌ನಿಂದ ಈಚೆಗೆ ಓದುಗರು ಕೇಳುತ್ತಿರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಆ ವರ್ಷದ ಮಾರ್ಚ್ 25ರಂದು ಅಮೆರಿಕದ ರಾಷ್ಟ್ರೀಯ ಗುಪ್ತಚರ ನಿರ್ದೇಶಕಿ ತುಳಸಿ ಗಬ್ಬಾರ್ಡ್ ಸೆನೆಟ್ ಸಮಿತಿಯ ಎದುರು ಇರಾನ್ ಅಣ್ವಸ್ತ್ರ ತಯಾರಿಸುತ್ತಿಲ್ಲ ಎಂದರು. ಜೂನ್‌ನಲ್ಲಿ ಅಧ್ಯಕ್ಷ ಟ್ರಂಪ್, ಆಕೆ ಏನು ಹೇಳಿದರೂ ತಮಗೆ ಲೆಕ್ಕವಿಲ್ಲ, ಇರಾನ್ ಬಾಂಬ್‌ಗೆ ತೀರಾ ಹತ್ತಿರವಿತ್ತು ಎಂದರು. ಅದಾಗಿ ಕೆಲವೇ ದಿನಗಳಲ್ಲಿ ಗಬ್ಬಾರ್ಡ್ ಅವರೇ, ಇರಾನ್ ಮನಸ್ಸು ಮಾಡಿದರೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಬಾಂಬ್ ಮಾಡಬಲ್ಲದು ಎಂದರು. ಹಾಗಾದರೆ ಇವರಲ್ಲಿ ಸುಳ್ಳು ಹೇಳಿದವರು ಯಾರು ಎಂಬುದು ನಿಮ್ಮ ಪ್ರಶ್ನೆ.

ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಗುಪ್ತಚರ ವರದಿಗಳಲ್ಲಿ ರಾಜಕೀಯ ಕೈಯಾಡಿಸುತ್ತದೆ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರವೆಂದರೆ ಮಂತ್ರಿಯೊಬ್ಬ ಅಧಿಕಾರಿಯನ್ನು ಕರೆಸಿ 'ಹೀಗೆಯೇ ಬರೆ' ಎಂದು ಗದರಿಸುವುದು. ಹಾಗೆ ನಡೆಯುವುದು ಅಪರೂಪ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯಲ್ಲಿ ವೈದ್ಯ ಸುಳ್ಳು ಹೇಳಿದ ಎಂದು ಎಲ್ಲೂ ಇಲ್ಲ, ನೋಡಿ. ರೋಗಿಯ ಮುಖ ನೋಡಿ ಚೀಟಿ ಬರೆದ, ಅಷ್ಟೆ. ಯಾವ ಪ್ರಶ್ನೆಯನ್ನು ಕೇಳಲಾಯಿತು, ಯಾವ ಪದ ಉಳಿಯಿತು, ಯಾವ ಭಿನ್ನಮತ ಅಡಿಟಿಪ್ಪಣಿಗೆ ಇಳಿಯಿತು, ಯಾವ ತಾರೀಖಿಗೆ ಬಿಡುಗಡೆಯಾಯಿತು ಎಂಬಲ್ಲೇ ರಾಜಕೀಯ ತನ್ನ ಕೆಲಸ ಮುಗಿಸಿರುತ್ತದೆ. ಇವನ್ನು ಒಂದೊಂದಾಗಿ ಪರೀಕ್ಷಿಸುವುದು ಹೇಗೆ ಎಂಬುದೇ ಈ ಮಾರ್ಗದರ್ಶಿ.

ಮೊದಲು ಬೇಕಾಗುವ ಸಾಮಗ್ರಿ

ಒಂದು ಹಾಳೆ, ಒಂದು ಪೆನ್ಸಿಲ್, ಆ ವರ್ಷದ ಕ್ಯಾಲೆಂಡರ್. ಇದರ ಜೊತೆಗೆ, ಸಿಕ್ಕಿದರೆ, ಮೂಲ ದಾಖಲೆ. ಅಮೆರಿಕದ ಗುಪ್ತಚರ ಸಂಸ್ಥೆಗಳು ಪ್ರತಿವರ್ಷ ಒಂದು ಬಹಿರಂಗ ಬೆದರಿಕೆ ವರದಿಯನ್ನು ಪ್ರಕಟಿಸುತ್ತವೆ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಇರಾನ್ ಕುರಿತು ಮೂರು ತಿಂಗಳಿಗೊಮ್ಮೆಯಂತೆ ವರದಿ ಕೊಡುತ್ತ ಬಂದಿದೆ. ಎರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ಟಿ.ವಿ.ಯ ಮೂಲೆಯಲ್ಲಿ ಓಡುವ ಕ್ಷಣಗಣನೆ ಗಡಿಯಾರ ಮೂಲ ದಾಖಲೆಯಲ್ಲ.

ಮಾಹಿತಿ ಬೇರೆ, ಅಂದಾಜು ಬೇರೆ ಎಂಬುದನ್ನೂ ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಉಪಗ್ರಹದ ಚಿತ್ರ, ಕದ್ದಾಲಿಸಿದ ದೂರವಾಣಿ ಮಾತು, ಒಬ್ಬ ಒಳಗಿನವನ ಹೇಳಿಕೆ, ಇವೆಲ್ಲ ಮಾಹಿತಿ. ಇವನ್ನು ಜೋಡಿಸಿ ವಿಶ್ಲೇಷಕರು ಬರೆಯುವ ತೀರ್ಮಾನ ಅಂದಾಜು. ಅಮೆರಿಕದಲ್ಲಿ ಎಲ್ಲ ಸಂಸ್ಥೆಗಳೂ ಕೂತು ಒಪ್ಪಿ ಬರೆಯುವ ಅತ್ಯುನ್ನತ ದಾಖಲೆಯ ಹೆಸರೇ 'ರಾಷ್ಟ್ರೀಯ ಗುಪ್ತಚರ ಅಂದಾಜು'. ಚಿಕ್ಕದಾಗಿ ಎನ್ಐಇ.

ಹಂತ 1: ಸುದ್ದಿಯನ್ನು ಮೂರು ಖಾನೆಗಳಿಗೆ ಹಂಚಿ

ಹಾಳೆಯಲ್ಲಿ ಮೂರು ಖಾನೆ ಎಳೆಯಿರಿ: ಸಾಮಗ್ರಿ, ತಯಾರಿ, ನಿರ್ಧಾರ.

ಸಾಮಗ್ರಿ ಎಂದರೆ ಬಾಂಬ್‌ಗೆ ಬೇಕಾದ ಯುರೇನಿಯಂ ಅಥವಾ ಪ್ಲುಟೋನಿಯಂ. ಗಣಿಯಿಂದ ಬರುವ ಯುರೇನಿಯಂನಲ್ಲಿ ಉಪಯೋಗಕ್ಕೆ ಬರುವ ಯು-235 ಇರುವುದು ಶೇ 0.7ರಷ್ಟು ಮಾತ್ರ. ಅದರ ಪ್ರಮಾಣವನ್ನು ಹೆಚ್ಚಿಸುವ ಕೆಲಸಕ್ಕೆ ಸಂವರ್ಧನೆ ಎನ್ನುತ್ತಾರೆ. ಅನಿಲರೂಪದ ಯುರೇನಿಯಂ ಅನ್ನು ಅತಿವೇಗದಲ್ಲಿ ಗಿರಗಿರನೆ ತಿರುಗಿಸಿ ಈ ಕೆಲಸ ಮಾಡುವ ಯಂತ್ರವೇ ಸೆಂಟ್ರಿಫ್ಯೂಜ್. ವಿದ್ಯುತ್ ಸ್ಥಾವರಕ್ಕೆ ಶೇ 3ರಿಂದ 5 ಸಾಕು. ಬಾಂಬ್‌ಗೆ ಸುಮಾರು ಶೇ 90 ಬೇಕು. ತಯಾರಿ ಎಂದರೆ ಆ ಸಾಮಗ್ರಿಯನ್ನು ಲೋಹದ ಗೋಳವಾಗಿಸಿ, ಸುತ್ತ ಸ್ಫೋಟಕ ಜೋಡಿಸಿ, ಕ್ಷಿಪಣಿಯ ಮೂತಿಗೆ ಹಿಡಿಸುವಷ್ಟು ಚಿಕ್ಕದಾಗಿಸುವ ಕೆಲಸ. ನಿರ್ಧಾರ ಎಂದರೆ 'ಮಾಡಿ' ಎಂಬ ಅಪ್ಪಣೆ.

ಈಗ ಗಬ್ಬಾರ್ಡ್ ಅವರ ಎರಡು ಹೇಳಿಕೆಗಳನ್ನು ಹಂಚಿ ನೋಡಿ. ಮಾರ್ಚ್‌ನ ಮಾತು ಮೂರನೆಯ ಖಾನೆಗೆ ಸೇರಿದ್ದು: 2003ರಲ್ಲಿ ನಿಲ್ಲಿಸಿದ ಅಣ್ವಸ್ತ್ರ ಕಾರ್ಯಕ್ರಮಕ್ಕೆ ಇರಾನ್‌ನ ಸರ್ವೋಚ್ಚ ನಾಯಕ ಖಮೇನಿ ಮತ್ತೆ ಅನುಮತಿ ಕೊಟ್ಟಿಲ್ಲ ಎಂಬುದು ಅದರ ತಿರುಳು. ಜೂನ್‌ನ ಮಾತು ಮೊದಲ ಎರಡು ಖಾನೆಗಳದ್ದು. ಎರಡೂ ಏಕಕಾಲಕ್ಕೆ ನಿಜವಾಗಿರಲು ಯಾವ ಅಡ್ಡಿಯೂ ಇಲ್ಲ. ಬದಲಾಗಿದ್ದು ಇರಾನ್ ಅಲ್ಲ, ಒತ್ತು. ಮಾರ್ಚ್‌ನಲ್ಲಿ ಮೂರನೆಯ ಖಾನೆ ದಪ್ಪಕ್ಷರದಲ್ಲಿತ್ತು, ಜೂನ್‌ನಲ್ಲಿ ಮೊದಲ ಎರಡು.

ಇಲ್ಲಿ ಎಲ್ಲರೂ ಎಡವುವುದು 'ಬ್ರೇಕೌಟ್ ಅವಧಿ' ಎಂಬ ಪದದಲ್ಲಿ. ಒಂದು ಬಾಂಬ್‌ಗೆ ಸಾಕಾಗುವಷ್ಟು ಸಾಮಗ್ರಿಯನ್ನು ಶೇ 90ಕ್ಕೆ ಏರಿಸಲು ಬೇಕಾದ ಸಮಯವಷ್ಟೇ ಅದು. ಇರಾನ್ ಜೊತೆ ಅಮೆರಿಕ ಮತ್ತಿತರ ದೇಶಗಳು ಮಾಡಿಕೊಂಡ 2015ರ ಅಣು ಒಪ್ಪಂದದಲ್ಲಿ ಅದನ್ನು ಒಂದು ವರ್ಷಕ್ಕೆ ನಿಗದಿಪಡಿಸುವ ಲೆಕ್ಕಾಚಾರವಿತ್ತು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂದ ಮೇಲೆ ಇರಾನ್ ಸಂವರ್ಧನೆ ಹೆಚ್ಚಿಸುತ್ತ ಹೋಯಿತು. 2024ರ ಜುಲೈನಲ್ಲಿ ಅಮೆರಿಕದ ಅಂದಿನ ವಿದೇಶಾಂಗ ಕಾರ್ಯದರ್ಶಿ ಬ್ಲಿಂಕೆನ್ ಆ ಅವಧಿ ಒಂದೆರಡು ವಾರಕ್ಕೆ ಇಳಿದಿದೆ ಎಂದರು. ಇದು ಮರುದಿನದ ಶೀರ್ಷಿಕೆಗಳಲ್ಲಿ 'ಎರಡೇ ವಾರದಲ್ಲಿ ಇರಾನ್ ಬಾಂಬ್' ಆಗುತ್ತದೆ. ಅಕ್ಕಿ ತೊಳೆಯಲು ಹಿಡಿಯುವ ಸಮಯವನ್ನು ಊಟ ಬಡಿಸುವ ಸಮಯವೆಂದು ಬರೆದ ಹಾಗೆ.

ಹಂತ 2: ಯಾವ ಪ್ರಶ್ನೆಗೆ ಇದು ಉತ್ತರ ಎಂದು ಕೇಳಿ

ಅಂದಾಜಿನ ಮೇಲೆ ರಾಜಕೀಯ ಮೊದಲು ಕೈಯಿಡುವುದು ಉತ್ತರದ ಮೇಲಲ್ಲ, ಪ್ರಶ್ನೆಯ ಮೇಲೆ. ನಮ್ಮ ನೆರೆಯ ದೇಶದ ಕಥೆಯೇ ಇದಕ್ಕೆ ಒಳ್ಳೆಯ ಪಾಠ.

1985ರಲ್ಲಿ ಅಮೆರಿಕದ ಸಂಸತ್ತು ಪ್ರೆಸ್ಲರ್ ತಿದ್ದುಪಡಿಯನ್ನು ಅಂಗೀಕರಿಸಿತು. ಪಾಕಿಸ್ತಾನಕ್ಕೆ ನೆರವು ಹೋಗಬೇಕಾದರೆ 'ಆ ದೇಶದ ಬಳಿ ಅಣು ಸ್ಫೋಟಕ ಸಾಧನ ಇಲ್ಲ' ಎಂದು ಅಧ್ಯಕ್ಷರು ವರ್ಷವರ್ಷವೂ ಲಿಖಿತವಾಗಿ ದೃಢೀಕರಿಸಬೇಕು. ಗಮನಿಸಿ, ಕೇಳಿದ್ದು 'ತಯಾರಿಸುತ್ತಿದೆಯೇ' ಎಂದಲ್ಲ, 'ಇದೆಯೇ' ಎಂದು. ಆಗ ಸೋವಿಯತ್ ಸೇನೆ ಅಫ್ಘಾನಿಸ್ತಾನದಲ್ಲಿತ್ತು, ಅದರ ವಿರುದ್ಧ ಹೋರಾಡುತ್ತಿದ್ದವರಿಗೆ ಶಸ್ತ್ರಾಸ್ತ್ರ ಹೋಗುತ್ತಿದ್ದುದು ಪಾಕಿಸ್ತಾನದ ಮೂಲಕ. ಬಾಂಬ್‌ನ ಭಾಗಗಳೆಲ್ಲ ಸಿದ್ಧವಿದ್ದು ಜೋಡಣೆಯೊಂದು ಬಾಕಿಯಿದ್ದರೆ ಅದನ್ನು 'ಇದೆ' ಎನ್ನಬೇಕೋ 'ಇಲ್ಲ' ಎನ್ನಬೇಕೋ? ಈ ಸಣ್ಣ ಸಂದಿಯಲ್ಲಿ ಮೊದಲು ರೇಗನ್, ಬಳಿಕ ಹಿರಿಯ ಬುಷ್ ವರ್ಷಗಟ್ಟಲೆ ನುಸುಳಿಕೊಂಡು ಸಹಿ ಹಾಕಿದರು. 1987ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಅಣು ವಿಜ್ಞಾನಿ ಎ.ಕ್ಯೂ. ಖಾನ್, ಭಾರತದ ಪತ್ರಕರ್ತ ಕುಲದೀಪ್ ನಯ್ಯರ್ ಅವರಿಗೆ ಕೊಟ್ಟ ಸಂದರ್ಶನ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಬಾಂಬ್ ವಿಷಯದಲ್ಲಿ ಗುಟ್ಟೇನೂ ಉಳಿಯಲಿಲ್ಲ. ಅದೇ ತಿಂಗಳು ಪಾಕಿಸ್ತಾನದ ಅಧ್ಯಕ್ಷ ಜಿಯಾ ಉಲ್ ಹಕ್ ಕೂಡ, ಬೇಕೆಂದಾಗ ಬಾಂಬ್ ಮಾಡಿಕೊಳ್ಳಬಲ್ಲೆವು ಎಂದರು. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸೆಂಟ್ರಿಫ್ಯೂಜ್‌ಗೆ ಬೇಕಾದ ವಿಶೇಷ ಉಕ್ಕನ್ನು ಪಾಕಿಸ್ತಾನಕ್ಕೆ ಸಾಗಿಸಲು ಯತ್ನಿಸಿದವನೊಬ್ಬ ಸಿಕ್ಕಿಬಿದ್ದ. ಆ ವರ್ಷವೂ ದೃಢೀಕರಣ ಪತ್ರಕ್ಕೆ ಸಹಿ ಬಿತ್ತು.

1989ರ ಫೆಬ್ರುವರಿಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನದಿಂದ ಹೊರಟಿತು. 1990ರ ಅಕ್ಟೋಬರ್‌ನಲ್ಲಿ ಬುಷ್ ಸಹಿ ಹಾಕಲಿಲ್ಲ, ನೆರವು ನಿಂತಿತು. ಅಷ್ಟರಲ್ಲಿ ಪಾಕಿಸ್ತಾನ ಇನ್ನೂ ಮುಂದೆ ಸಾಗಿತ್ತೆಂಬುದು ನಿಜ. ಆದರೆ ಅಮೆರಿಕಕ್ಕೆ ಪಾಕಿಸ್ತಾನದಿಂದ ಆಗಬೇಕಿದ್ದ ಕೆಲಸ ತೀರಿತ್ತೆಂಬುದೂ ಅಷ್ಟೇ ನಿಜ. ರಾಜಕೀಯ ಯಾವಾಗಲೂ ಬೆದರಿಕೆಯನ್ನು ಹಿಗ್ಗಿಸುತ್ತದೆ ಎಂದುಕೊಂಡವರಿಗೆ ಈ ಐದು ವರ್ಷಗಳು ಉತ್ತರ. ಮಿತ್ರನ ಬಾಂಬ್ ಕುಗ್ಗುತ್ತದೆ, ಶತ್ರುವಿನದು ಹಿಗ್ಗುತ್ತದೆ.

ಇದೇ ಬಗೆಯ ಸಂದಿ 2007ರ ಇರಾನ್ ಎನ್ಐಇಯಲ್ಲೂ ಇತ್ತು. '2003ರಲ್ಲಿ ಇರಾನ್ ತನ್ನ ಅಣ್ವಸ್ತ್ರ ಕಾರ್ಯಕ್ರಮವನ್ನು ನಿಲ್ಲಿಸಿತು' ಎಂಬ ಅದರ ಮೊದಲ ಸಾಲು ಜಗತ್ತಿನ ಎಲ್ಲ ಪತ್ರಿಕೆಗಳ ಶೀರ್ಷಿಕೆಯಾಯಿತು. ಆದರೆ 'ಅಣ್ವಸ್ತ್ರ ಕಾರ್ಯಕ್ರಮ' ಎಂದರೆ ಬಾಂಬ್ ವಿನ್ಯಾಸ ಮತ್ತು ಗುಟ್ಟಿನ ಸಂವರ್ಧನೆ ಮಾತ್ರ, ಘೋಷಿತ ಸಂವರ್ಧನೆ ಅದರಲ್ಲಿ ಸೇರಿಲ್ಲ ಎಂಬ ವ್ಯಾಖ್ಯಾನ ಅಡಿಟಿಪ್ಪಣಿಯಲ್ಲಿ ಕುಳಿತಿತ್ತು. ಆ ವರದಿ ತಮ್ಮ ಕೈ ಕಟ್ಟಿಹಾಕಿತೆಂದು ಕಿರಿಯ ಬುಷ್ ಬಳಿಕ ಬರೆದುಕೊಂಡರು. ಬಾಂಬ್ ವಿನ್ಯಾಸದ ವ್ಯವಸ್ಥಿತ ಕೆಲಸ 2003ರ ಕೊನೆಗೆ ಮುಂಚಿನದು ಎಂಬ ಅದರ ಮುಖ್ಯ ಮಾತನ್ನು 2015ರ ಡಿಸೆಂಬರ್‌ನಲ್ಲಿ ಐಎಇಎ ಕೂಡ ಬಹುಮಟ್ಟಿಗೆ ಪುಷ್ಟೀಕರಿಸಿತು, ಕೆಲವು ಚಟುವಟಿಕೆಗಳು 2009ರವರೆಗೂ ನಡೆದವೆಂಬ ತಿದ್ದುಪಡಿಯೊಂದಿಗೆ.

ಹಂತ 3: ಪದಗಳನ್ನು ತೂಕ ಮಾಡಿ, ಕನ್ನಡ ಅನುವಾದವನ್ನೂ ಸೇರಿಸಿ

ಸಿಐಎಯ ಹಿರಿಯ ವಿಶ್ಲೇಷಕ ಶರ್ಮನ್ ಕೆಂಟ್ 1951ರಲ್ಲಿ, ಯುಗೊಸ್ಲಾವಿಯದ ಮೇಲೆ ದಾಳಿಯ 'ಗಂಭೀರ ಸಾಧ್ಯತೆ' ಇದೆ ಎಂದು ಬರೆದ ಅಂದಾಜಿಗೆ ಸಹಿ ಹಾಕಿದ್ದರು. ಅವರ ಮನಸ್ಸಿನಲ್ಲಿ ಅದು ಶೇ 65ರಷ್ಟು. ಜೊತೆಗೆ ಕೂತು ಅದೇ ಪದವನ್ನು ಒಪ್ಪಿದ್ದ ಸಹೋದ್ಯೋಗಿಗಳನ್ನು ವಿಚಾರಿಸಿದರೆ ಒಬ್ಬರಿಗೆ ಶೇ 20, ಮತ್ತೊಬ್ಬರಿಗೆ ಶೇ 80. ಪದಗಳಿಗೆ ಅಂಕಿ ಕಟ್ಟುವ ಹುಚ್ಚು ಅವರಿಗೆ ಹಿಡಿದದ್ದು ಅಲ್ಲಿಂದ. ಇಂದು ಅಮೆರಿಕದ ಸಂಸ್ಥೆಗಳಿಗೆ ಅದೇ ನಿಯಮವಾಗಿದೆ: 'ಲೈಕ್ಲಿ' ಎಂದರೆ ಶೇ 55ರಿಂದ 80, 'ವೆರಿ ಲೈಕ್ಲಿ' ಎಂದರೆ 80ರಿಂದ 95, 'ಅನ್‌ಲೈಕ್ಲಿ' ಎಂದರೆ 20ರಿಂದ 45.

ಕನ್ನಡದ ಓದುಗರಿಗೆ ಇಲ್ಲೊಂದು ಹೆಚ್ಚುವರಿ ಗುಂಡಿ ಇದೆ. ಮೂಲದ 'ಮೇ', 'ಕುಡ್', 'ಲೈಕ್ಲಿ', 'ವೆರಿ ಲೈಕ್ಲಿ' ನಾಲ್ಕೂ ನಮ್ಮ ಸುದ್ದಿಗಳಲ್ಲಿ 'ಸಾಧ್ಯತೆ ಇದೆ' ಆಗಿಬಿಡುತ್ತವೆ. 'ನಮ್ಮ ಅಂದಾಜು ಇದು' ಎಂಬುದು 'ಗುಪ್ತಚರ ಸಂಸ್ಥೆ ಖಚಿತಪಡಿಸಿದೆ' ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ಪುಟ ಕಟ್ಟುವ ಉಪಸಂಪಾದಕರನ್ನು ದೂರಿ ಪ್ರಯೋಜನವಿಲ್ಲ. 'ಸಾಧ್ಯತೆ' ಕಂಡಲ್ಲೆಲ್ಲ ಮೂಲವನ್ನು ಒಮ್ಮೆ ತೆರೆಯಿರಿ.

ಇನ್ನೊಂದು ಅಳತೆಗೋಲು 'ವಿಶ್ವಾಸದ ಮಟ್ಟ': ಹೆಚ್ಚು, ಮಧ್ಯಮ, ಕಡಿಮೆ. ಇದು ಘಟನೆ ನಡೆಯುವ ಸಂಭವವನ್ನು ಹೇಳುವುದಿಲ್ಲ, ಆ ತೀರ್ಮಾನದ ಕೆಳಗಿರುವ ಮಾಹಿತಿ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ. 2025ರ ಜೂನ್ 22ರಂದು ಅಮೆರಿಕ ಇರಾನ್‌ನ ಅಣು ನೆಲೆಗಳಾದ ಫೋರ್ಡೊ, ನತಾಂಜ್, ಇಸ್ಫಹಾನ್ ಮೇಲೆ ದಾಳಿ ಮಾಡಿದಾಗ ಟ್ರಂಪ್ ಸಂಪೂರ್ಣ ನಿರ್ನಾಮವಾಯಿತು ಎಂದರು. ಎರಡೇ ದಿನದಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ ಡಿಐಎಯ ಪ್ರಾಥಮಿಕ ಅಂದಾಜು ಸೋರಿತು: ಹಿನ್ನಡೆ ಕೆಲವೇ ತಿಂಗಳು. ಟ್ರಂಪ್ ವಿರೋಧಿಗಳು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಆ ಅಂದಾಜಿನ ಮೇಲೆ 'ಕಡಿಮೆ ವಿಶ್ವಾಸ' ಎಂದು ಬರೆದಿತ್ತು ಎಂಬುದು ಅವರಿಗೆ ಬೇಕಿರಲಿಲ್ಲ. ಮರುದಿನ ಸಿಐಎ ನಿರ್ದೇಶಕ ರಾಟ್‌ಕ್ಲಿಫ್, ಮರುನಿರ್ಮಾಣಕ್ಕೆ ವರ್ಷಗಳೇ ಬೇಕೆಂದರು. ಪದ ನುಂಗುವ ಚಾಳಿ ಎರಡೂ ಪಾಳಯಗಳಲ್ಲಿದೆ.

ಹಂತ 4: ಭಿನ್ನಮತ ಎಲ್ಲಿ ಕುಳಿತಿದೆ ಎಂದು ಹುಡುಕಿ

ಇದೇ ಅತಿ ಮುಖ್ಯ ಹಂತ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಅಲ್ಯುಮಿನಿಯಂ ಕೊಳವೆಯನ್ನು ಕೈಯಲ್ಲಿ ಹಿಡಿದುಕೊಳ್ಳಿ.

ವ್ಯಾಸ 81 ಮಿಲಿಮೀಟರ್, ಉದ್ದ 900 ಮಿಲಿಮೀಟರ್, ಗೋಡೆಯ ದಪ್ಪ 3.3 ಮಿಲಿಮೀಟರ್. ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆಯ ಎರಡರಷ್ಟು ಉದ್ದ, ಮುಷ್ಟಿಯಷ್ಟು ಅಗಲ. ಮಿಶ್ರಲೋಹದ ದರ್ಜೆ 7075-ಟಿ6. ಇರಾಕ್‌ಗೆ ಹೊರಟಿದ್ದ ಇಂಥ ಕೊಳವೆಗಳ ರವಾನೆಯೊಂದು 2001ರಲ್ಲಿ ಜೋರ್ಡಾನ್‌ನಲ್ಲಿ ಸಿಕ್ಕಿಬಿತ್ತು. ಸೆಂಟ್ರಿಫ್ಯೂಜ್‌ನ ಒಳಗೆ ತಿರುಗುವ ಭಾಗಕ್ಕೆ ತಂದದ್ದು ಎಂದಿತು ಸಿಐಎ. ಅಮೆರಿಕದಲ್ಲಿ ಸೆಂಟ್ರಿಫ್ಯೂಜ್ ಬಗ್ಗೆ ನಿಜವಾಗಿ ಬಲ್ಲವರು ಇರುವುದು ಇಂಧನ ಇಲಾಖೆಯ ಪ್ರಯೋಗಾಲಯಗಳಲ್ಲಿ. ಅವರು ಕೊಳವೆ ನೋಡಿ ತಲೆಯಾಡಿಸಿದರು: ಗೋಡೆ ತೀರಾ ದಪ್ಪ, ವ್ಯಾಸ ತೀರಾ ಕಿರಿದು, ಮೇಲಿನ ಲೇಪ ಬೇರೆ ಕೆರೆದು ತೆಗೆಯಬೇಕು. ಆದರೆ 81 ಮಿಲಿಮೀಟರ್‌ನ ಒಂದು ಸಾಮಾನ್ಯ ರಾಕೆಟ್ ಇರಾಕ್ ಸೇನೆಯ ಬಳಿ ಮೊದಲಿಂದಲೂ ಇತ್ತು, ಅದರ ಮೈಗೆ ಈ ಕೊಳವೆ ಅಳತೆ ತೆಗೆದಂತೆ ಹೊಂದುತ್ತಿತ್ತು.

2002ರ ಸೆಪ್ಟೆಂಬರ್ 8, ಭಾನುವಾರ. ಕೊಳವೆಗಳ ಸುದ್ದಿ ನ್ಯೂಯಾರ್ಕ್‌ನ ಪತ್ರಿಕೆಯ ಮುಖಪುಟದಲ್ಲಿ ಬಂತು, ಹೆಸರು ಹೇಳದ ಅಧಿಕಾರಿಗಳ ಬಾಯಿಂದ. ಅದೇ ಬೆಳಿಗ್ಗೆ ಉಪಾಧ್ಯಕ್ಷ ಚೆನಿ ಟಿ.ವಿ.ಯಲ್ಲಿ ಅದೇ ಸುದ್ದಿಯನ್ನು ಉಲ್ಲೇಖಿಸಿದರು. ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಸಾ ರೈಸ್ ಮತ್ತೊಂದು ವಾಹಿನಿಯಲ್ಲಿ, ಪುರಾವೆ ಅಣಬೆ ಮೋಡವಾಗಿ ಏಳುವವರೆಗೆ ಕಾಯಬೇಕೇ ಎಂದು ಕೇಳಿದರು. ಸರ್ಕಾರ ತಾನೇ ಪತ್ರಿಕೆಗೆ ಹೇಳಿ, ತಾನೇ ಪತ್ರಿಕೆಯನ್ನು ಸಾಕ್ಷಿ ಕರೆಯುವ ಈ ವಿದ್ಯೆ ಇರಾಕ್ ಯುದ್ಧಕ್ಕೆ ಮಾತ್ರ ಸೀಮಿತವಲ್ಲ.

ಆ ಅಕ್ಟೋಬರ್‌ನ ಎನ್ಐಇಯನ್ನು ಸುಮಾರು ಮೂರು ವಾರಗಳಲ್ಲಿ ಹೊಲಿಯಲಾಯಿತು. ಇರಾಕ್ ಅಣ್ವಸ್ತ್ರ ಕಾರ್ಯಕ್ರಮವನ್ನು ಮರುಕಟ್ಟುತ್ತಿದೆ ಎಂಬುದು ಮುಖ್ಯ ತೀರ್ಮಾನ. ವಿದೇಶಾಂಗ ಇಲಾಖೆಯ ಚಿಕ್ಕ ಗುಪ್ತಚರ ವಿಭಾಗವೊಂದು ಒಪ್ಪಲಿಲ್ಲ. ಇಂಧನ ಇಲಾಖೆ ಕೊಳವೆಗಳ ವಿಷಯದಲ್ಲಿ ಒಪ್ಪಲಿಲ್ಲ; ಆದರೆ ವಿಚಿತ್ರವೆಂದರೆ ಬೇರೆ ಕಾರಣ ಕೊಟ್ಟು ಮುಖ್ಯ ತೀರ್ಮಾನಕ್ಕೆ ತಲೆದೂಗಿತು. ಆಫ್ರಿಕಾದಿಂದ ಇರಾಕ್ ಯುರೇನಿಯಂ ತರಲು ಹೊರಟಿದೆ ಎಂಬ ವರದಿ 'ಅತ್ಯಂತ ಸಂಶಯಾಸ್ಪದ' ಎಂದು ವಿದೇಶಾಂಗ ಇಲಾಖೆಯವರು ಬರೆದಿದ್ದರು. ಆ ಮಾತು ಅಚ್ಚಾದದ್ದು ಯುರೇನಿಯಂ ಬಗೆಗಿನ ಭಾಗದಿಂದ ಸುಮಾರು ಅರುವತ್ತು ಪುಟ ಆಚೆ. ಸಾರಾಂಶದ ಪುಟಗಳನ್ನು ದಾಟಿ ಓದಿದ ಸೆನೆಟರ್‌ಗಳು ಬೆರಳೆಣಿಕೆಯಷ್ಟು. ಪೂರ್ತಿ ಓದಿದವರಲ್ಲಿ ಗುಪ್ತಚರ ಸಮಿತಿಯ ಅಧ್ಯಕ್ಷ ಬಾಬ್ ಗ್ರಹಾಂ ಒಬ್ಬರು. ಅವರು ಯುದ್ಧದ ವಿರುದ್ಧ ಮತ ಹಾಕಿದರು.

ನೀವು ಮಾಡಬೇಕಾದ್ದು: ಭಿನ್ನಮತ ಇದೆಯೇ ಎಂದಷ್ಟೇ ನೋಡಬೇಡಿ. ಭಿನ್ನಮತ ಹೇಳಿದವರು ಆ ನಿರ್ದಿಷ್ಟ ವಿಷಯವನ್ನು ಉಳಿದವರಿಗಿಂತ ಹೆಚ್ಚು ಬಲ್ಲವರೇ ಎಂದು ನೋಡಿ. ಉಳಿದೆಲ್ಲ ಸಂಸ್ಥೆಗಳ ಒಮ್ಮತಕ್ಕಿಂತ ಸೆಂಟ್ರಿಫ್ಯೂಜ್ ಮುಟ್ಟಿದ ಒಂದು ಕೈ ಮೇಲು.

ಹಂತ 5: ಒಂದೇ ಅಂದಾಜಿನ ಮೂರು ಅವತಾರಗಳನ್ನು ಪಕ್ಕಪಕ್ಕ ಇಡಿ

ಗುಪ್ತ ದಾಖಲೆ, ಅದರ ಬಹಿರಂಗ ಆವೃತ್ತಿ, ಅದನ್ನಾಧರಿಸಿದ ಭಾಷಣ. ಕೆಳಗಿಳಿದಂತೆಲ್ಲ ಅನುಮಾನ ಸೋರಿಹೋಗುತ್ತದೆ. 2002ರ ಎನ್ಐಇಯಲ್ಲಿದ್ದ 'ನಮ್ಮ ಅಂದಾಜಿನಂತೆ' ಎಂಬ ಮಾತು ಸಾರ್ವಜನಿಕರಿಗಾಗಿ ಬಿಡುಗಡೆಯಾದ ಶ್ವೇತಪತ್ರದ ಹಲವೆಡೆ ಮಾಯವಾಗಿತ್ತು, ಭಿನ್ನಮತ ಹೇಳಿದ ಇಲಾಖೆಗಳ ಹೆಸರೂ ಇರಲಿಲ್ಲ. 2003ರ ಜನವರಿ 28ರ ಭಾಷಣದಲ್ಲಿ ಬುಷ್ ಆಫ್ರಿಕಾದ ಯುರೇನಿಯಂ ಕಥೆಯನ್ನು ಬ್ರಿಟಿಷರ ಬಾಯಿಗೆ ಹಾಕಿ ಒಂದು ವಾಕ್ಯದಲ್ಲಿ ಹೇಳಿದರು. ಮಾರ್ಚ್ 7ರಂದು ಐಎಇಎ ಮುಖ್ಯಸ್ಥ ಎಲ್‌ಬರಾದಿ, ಆ ಯುರೇನಿಯಂ ವ್ಯವಹಾರದ್ದೆನ್ನಲಾದ ನೈಜರ್ ದೇಶದ ಕಾಗದಪತ್ರಗಳು ಅಸಲಿಯಲ್ಲ ಎಂದು ಭದ್ರತಾ ಮಂಡಳಿಗೆ ತಿಳಿಸಿದರು. ಅದಾಗಿ ಎರಡು ವಾರ ತುಂಬುವ ಮೊದಲೇ ಯುದ್ಧ ಶುರುವಾಯಿತು.

ಹಂತ 6: ತಾರೀಖುಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ

2002ರ ಅಕ್ಟೋಬರ್ ತೆಗೆಯಿರಿ. ತಿಂಗಳ ಆರಂಭದಲ್ಲಿ ಎನ್ಐಇ. 4ರಂದು ಶ್ವೇತಪತ್ರ. 7ರಂದು ಸಿನ್ಸಿನಾಟಿಯಲ್ಲಿ ಬುಷ್ ಭಾಷಣ. 10 ಮತ್ತು 11ರಂದು ಇರಾಕ್ ಯುದ್ಧಕ್ಕೆ ಅನುಮತಿ ಕೊಡುವ ಬಗ್ಗೆ ಸಂಸತ್ತಿನಲ್ಲಿ ಮತದಾನ. ನವೆಂಬರ್ 5ಕ್ಕೆ ಮಧ್ಯಂತರ ಚುನಾವಣೆ. ಬೇರೇನೂ ಹೇಳಬೇಕಾಗಿಲ್ಲ.

ಬಜೆಟ್ಟಿನ ತಾರೀಖನ್ನೂ ಮರೆಯಬೇಡಿ. 1950ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟ ಕ್ಷಿಪಣಿಗಳಲ್ಲಿ ಅಮೆರಿಕವನ್ನು ಹಿಂದಿಕ್ಕುತ್ತದೆ ಎಂಬ 'ಕ್ಷಿಪಣಿ ಅಂತರ'ದ ಗುಲ್ಲೆದ್ದಿತ್ತು. ಅತಿ ದೊಡ್ಡ ಸಂಖ್ಯೆಗಳನ್ನು ಕೊಡುತ್ತಿದ್ದುದು ವಾಯುಪಡೆ. ಹೊಸ ಕ್ಷಿಪಣಿಗಳಿಗೆ ಹಣ ಬೇಕಿದ್ದುದೂ ಅದಕ್ಕೇ. 1960ರ ಚುನಾವಣೆಯಲ್ಲಿ ಕೆನಡಿ ಇದನ್ನೇ ಬಾಣ ಮಾಡಿಕೊಂಡರು. ಉಪಗ್ರಹ ಚಿತ್ರಗಳು ಬಂದ ಮೇಲೆ 1961ರ ಸೆಪ್ಟೆಂಬರ್‌ನ ಅಂದಾಜು ಸೋವಿಯತ್ ಖಂಡಾಂತರ ಕ್ಷಿಪಣಿ ಉಡಾವಣೆ ಸಾಧನಗಳ ಸಂಖ್ಯೆ 10 ಮತ್ತು 25ರ ನಡುವೆ ಮಾತ್ರ ಎಂದು ಇಳಿಸಿತು.

ಹಂತ 7: ಕುರ್ಚಿ ಯಾರದು ಹೋಯಿತು ಎಂದು ನೋಡಿ

ಒತ್ತಡವಿತ್ತೇ ಎಂದು ವಿಶ್ಲೇಷಕರನ್ನು ಕೇಳಿದರೆ ಬಹುತೇಕರು ಇಲ್ಲ ಎನ್ನುತ್ತಾರೆ. ಇರಾಕ್ ವೈಫಲ್ಯವನ್ನು ತನಿಖೆ ಮಾಡಿದ ರಾಬ್-ಸಿಲ್ಬರ್‌ಮನ್ ಆಯೋಗ 2005ರಲ್ಲಿ, ತೀರ್ಮಾನ ತಿರುಚುವಂತೆ ರಾಜಕೀಯ ಒತ್ತಡ ಬಂದ ಪುರಾವೆಯಿಲ್ಲ ಎಂದಿತು. ಪ್ರಚಲಿತ ನಂಬಿಕೆಯನ್ನು ಸಂಶಯಿಸಲು ಉತ್ತೇಜನ ಕೊಡುವ ವಾತಾವರಣ ಅಲ್ಲಿರಲಿಲ್ಲ ಎಂದೂ ಸೇರಿಸಿತು. ವಾತಾವರಣ ಕಾಗದದ ಮೇಲೆ ಬರುವುದಿಲ್ಲ. ವರ್ಗಾವಣೆ, ವಜಾ ಬರುತ್ತವೆ. ಪಾಕಿಸ್ತಾನದ ಬಗ್ಗೆ ಸಂಸದರಿಗೆ ಹೇಳುತ್ತಿರುವುದು ಸರಿಯಿಲ್ಲ ಎಂದು ಒಳಗೇ ಆಕ್ಷೇಪಿಸಿದ ವಿಶ್ಲೇಷಕ ರಿಚರ್ಡ್ ಬಾರ್ಲೊ 1989ರಲ್ಲಿ ಪೆಂಟಗನ್‌ನ ಕೆಲಸ ಕಳೆದುಕೊಂಡರು. 2025ರ ಆಗಸ್ಟ್‌ನಲ್ಲಿ ಡಿಐಎ ಮುಖ್ಯಸ್ಥ ಜೆಫ್ರಿ ಕ್ರೂಸ್ ಅವರನ್ನು ತೆಗೆದುಹಾಕಲಾಯಿತು, ಆ ಸೋರಿಕೆಯಾಗಿ ಎರಡು ತಿಂಗಳಿಗೆ. ಒಂದರಿಂದ ಇನ್ನೊಂದಾಯಿತು ಎಂದು ದಾಖಲೆ ಹೇಳುವುದಿಲ್ಲ. ಉಳಿದ ವಿಶ್ಲೇಷಕರು ಹೇಗೆ ಓದಿಕೊಳ್ಳುತ್ತಾರೆ ಎಂಬುದನ್ನು ನೀವು ಊಹಿಸಬಹುದು.

ಹಂತ 8: ಎಲ್ಲವನ್ನೂ ರಾಜಕೀಯದ ತಲೆಗೆ ಕಟ್ಟಬೇಡಿ

ಈ ಹಂತ ಬಿಟ್ಟರೆ ನೀವು ಪಿತೂರಿ ಸಿದ್ಧಾಂತಿಯಾಗುತ್ತೀರಿ. ಪ್ರಾಮಾಣಿಕ ತಪ್ಪುಗಳೂ ಇವೆ.

1998ರ ಮೇ 11ರಂದು ಪೋಖ್ರಾನ್‌ನಲ್ಲಿ ನೆಲ ನಡುಗಿದಾಗ ಅಮೆರಿಕಕ್ಕೆ ಮುನ್ಸೂಚನೆ ಇರಲಿಲ್ಲ. ಅಣ್ವಸ್ತ್ರದ ಮಾತು ಬಿಜೆಪಿಯ ಚುನಾವಣಾ ಪ್ರಣಾಳಿಕೆಯಲ್ಲೇ ಅಚ್ಚಾಗಿತ್ತು. ತನಿಖೆ ನಡೆಸಿದ ಅಡ್ಮಿರಲ್ ಜೆರೆಮಿಯಾ, ಭಾರತೀಯರೂ ನಮ್ಮಂತೆಯೇ ಯೋಚಿಸುತ್ತಾರೆ ಎಂದುಕೊಂಡದ್ದೇ ತಪ್ಪು ಎಂದರು. ಇರಾಕ್ ವಿಷಯದಲ್ಲೂ ಹಾಗೆಯೇ. 1991ರ ಯುದ್ಧದ ನಂತರ ತಪಾಸಕರು ಒಳಹೊಕ್ಕಾಗ ಸದ್ದಾಂನ ಅಣು ಯೋಜನೆ ಅಂದಾಜಿಗಿಂತ ಎಷ್ಟೋ ಮುಂದಿತ್ತು. ಆಗ ಕಡಿಮೆ ಎಣಿಸಿದ್ದಕ್ಕೆ ಬೈಸಿಕೊಂಡವರು 2002ರಲ್ಲಿ ಹೆಚ್ಚು ಎಣಿಸಿದರು. ಯೋಜನೆ 1991ರಲ್ಲೇ ನಿಂತಿತ್ತೆಂದು 2004ರ ಡ್ಯುಯೆಲ್ಫರ್ ವರದಿ ಹೇಳಿತು. ಹಾಲಿನಲ್ಲಿ ನಾಲಿಗೆ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ; ಅದಕ್ಕೆ ರಾಜಕೀಯ ಬೇಕಿಲ್ಲ. ಆ ಭಯವನ್ನು ಬಳಸಿಕೊಳ್ಳುವುದು ರಾಜಕೀಯ.

ಇದೇ ಮಾನದಂಡವನ್ನು ಮನೆಯೊಳಗೂ ಹಿಡಿಯಬೇಕು. ಗೌರಿಬಿದನೂರಿನಲ್ಲಿ 1965ರಿಂದ ಒಂದು ಭೂಕಂಪನ ಮಾಪನ ಜಾಲವಿದೆ, ಬ್ರಿಟಿಷರ ಸಹಯೋಗದಲ್ಲಿ ಶುರುವಾದದ್ದು. ದೂರದೇಶಗಳ ಭೂಗತ ಅಣು ಸ್ಫೋಟಗಳನ್ನು ಪತ್ತೆಹಚ್ಚುವುದೂ ಅದರ ಕೆಲಸ. ಕಂಪನದ ಗೆರೆಗೆ ಪಕ್ಷವಿಲ್ಲ. ಆದರೆ ಗೆರೆಯನ್ನು ಕಿಲೋಟನ್‌ಗೆ ತಿರುಗಿಸುವಾಗ ಮನುಷ್ಯರು ಬರುತ್ತಾರೆ. 1998ರ ಜಲಜನಕ ಬಾಂಬ್ ಪರೀಕ್ಷೆಯ ಶಕ್ತಿ 45 ಕಿಲೋಟನ್ ಎಂದಿತು ಭಾರತ, ಹೊರಗಿನ ಹಲವು ಭೂಕಂಪನ ತಜ್ಞರು ಬಹಳ ಕಡಿಮೆ ಎಂದರು. 2009ರಲ್ಲಿ, ಆ ಪರೀಕ್ಷೆಯ ಹೊಣೆ ಹೊತ್ತವರಲ್ಲೊಬ್ಬರಾದ ಕೆ. ಸಂತಾನಂ ಕೂಡ ಅದು ನಿರೀಕ್ಷೆಯಂತೆ ಸಿಡಿಯಲಿಲ್ಲ ಎಂದರು. ಅಣುಶಕ್ತಿ ಇಲಾಖೆಯವರು ಬಲವಾಗಿ ತಳ್ಳಿಹಾಕಿದರು. ಇರಾಕ್ ಕೊಳವೆಯ ಕಥೆ ಓದಿ ನಕ್ಕವರು ಈ ವಾದವನ್ನೂ ಅದೇ ಕಣ್ಣಿನಿಂದ ಓದಬಲ್ಲರೇ ಎಂದು ನನಗೆ ಕುತೂಹಲ.

ಹಂತ 9: ಹಾಳೆಯನ್ನು ತುಂಬಿ, ತಾರೀಖು ಹಾಕಿ

ಈಗ ನೀವು ಕೇಳಿದ ಪ್ರಶ್ನೆಗೇ ಮರಳೋಣ. 2025ರ ಜೂನ್‌ನ ಇರಾನ್ ಹಾಳೆ ಹೀಗಿರುತ್ತದೆ. ಸಾಮಗ್ರಿ: ಶೇ 60ರಷ್ಟು ಸಂವರ್ಧಿತ ಯುರೇನಿಯಂ 440.9 ಕೆ.ಜಿ., ಜೂನ್ 13ರ ಲೆಕ್ಕ, ಮೂಲ ಐಎಇಎ. ಇನ್ನಷ್ಟು ಸಂವರ್ಧಿಸಿದರೆ ಒಂದು ಬಾಂಬ್‌ಗೆ ಸುಮಾರು 42 ಕೆ.ಜಿ. ಸಾಕೆಂಬುದು ಅದೇ ಸಂಸ್ಥೆಯ ಅಳತೆ. ಅದೇ ದಿನ ಇಸ್ರೇಲ್ ದಾಳಿ ಶುರುವಾಯಿತು, ತಪಾಸಕರ ಎಣಿಕೆಯ ಸರಪಳಿ ಅಲ್ಲಿಗೆ ತುಂಡಾಯಿತು. ಆದ್ದರಿಂದ ಸಂಖ್ಯೆಯ ಪಕ್ಕದಲ್ಲಿ 'ದಾಳಿಗೆ ಮುಂಚಿನದು' ಎಂದು ಬರೆಯಿರಿ. ತಯಾರಿ: ತಿಂಗಳುಗಳೋ ವರ್ಷವೋ, ಹೇಳುವವರಿಗೆ ತಕ್ಕಂತೆ; ಹೇಳಿದವರ ಹೆಸರು ಮತ್ತು ವಿಶ್ವಾಸದ ಮಟ್ಟ ಜೊತೆಗಿರಲಿ. ನಿರ್ಧಾರ: ಅಪ್ಪಣೆಯಾಗಿಲ್ಲ, ಮಾರ್ಚ್ 25, ಅಮೆರಿಕದ ಗುಪ್ತಚರ ಸಮುದಾಯ.

ಮೂರನೆಯ ಖಾನೆಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಮುಂದಿನ ಸಲ ಅದು ಬದಲಾಯಿತೆಂದು ಯಾರಾದರೂ ಹೇಳಿದರೆ, ಅಳಿಸುವ ರಬ್ಬರ್ ಎತ್ತಿಕೊಳ್ಳುವ ಮೊದಲು ಹೊಸದಾಗಿ ಬಂದ ಮಾಹಿತಿ ಯಾವುದು ಎಂದು ಕೇಳಿ. ಉತ್ತರದಲ್ಲಿ ಮಾಹಿತಿಯ ಬದಲು ಭಾಷಣವೇ ಸಿಕ್ಕಿದರೆ ಹಳೆಯ ಬರಹ ಹಾಗೆಯೇ ಇರಲಿ.